ಸೋಮನಾಥಪುರದ ಜೋಳದ ತೆನೆ ಮತ್ತು ನಮ್ಮನೆ ಕುಕ್ಕರ್

ಹೋದ ಶನಿವಾರ ಸಂಜೆ ಮೈಸೂರಲ್ಲಿ ಜಿಟಿಜಿಟಿ ಮಳೆ. ಇಂಥ ಮಳೆಗೆ ಒಂದೋ ಬಜ್ಜಿ ಆಗಬೇಕು, ಇಲ್ಲಾ ಬಿಸಿಬಿಸಿ ಮುಸುಕಿನ ಜೋಳ ಆಗಬೇಕು. ನಮ್ಮನೆಯಲ್ಲಿ ಸದ್ಯಕ್ಕೆ ಎಣ್ಣೆ ನಿಷೇಧ ಜಾರಿಯಲ್ಲಿರುವುದರಿಂದ ದಾರಿಬದಿಯ ಗಾಡಿಯಿಂದ ಆರು ತೆನೆ ತಂದೆ. ಅಡುಗೆಮನೆ ಕಟ್ಟೆ ಮೇಲೆ ಪೇಪರ್ ಹಾಸಿಕೊಂಡು ಸಿಪ್ಪೆ ಸುಲಿಯುತ್ತಾ ಕೂತಿದ್ದೆ. ಏಳನೇ ಕ್ಲಾಸಿನ ಮಗಳು ಬಂದು ಸಮಾಜ ವಿಜ್ಞಾನದ ಟೆಸ್ಟ್ ಪೇಪರ್ ಅನ್ನು ಸಿಪ್ಪೆಗಳ ಮೇಲೇ ಇಟ್ಟಳು. ಸರಿ-ತಪ್ಪು ಗುರುತಿಸುವ ಪ್ರಶ್ನೆ. 'ಮೆಕ್ಕೆಜೋಳವು ಅಮೆರಿಕ ಖಂಡದಿಂದ ಭಾರತಕ್ಕೆ ಬಂದ ಬೆಳೆ.' ಇವಳು 'ತಪ್ಪು' ಅಂತ ಹಾಕಿದ್ದಾಳೆ. ಕೆಂಪು ಇಂಕಿನಲ್ಲಿ ಒಂದು ಮಾರ್ಕ್ಸ್ ಹೋಗಿದೆ.

"ಅಪ್ಪ, ನೀನೇ ತಾನೇ ಹೇಳಿದ್ದು? ಸೋಮನಾಥಪುರದ ದೇವಸ್ಥಾನದಲ್ಲಿ ಜೋಳ ಇದೆ, ಕೊಲಂಬಸ್ ಹುಟ್ಟೋಕೂ ಮುಂಚೆನೇ ನಮ್ಮ ಹತ್ರ ಇತ್ತು ಅಂತ? ಮಿಸ್ ಹತ್ರ ಜಗಳ ಆಡಿದೆ ಗೊತ್ತಾ. ಯಾವ ಪುಸ್ತಕದಲ್ಲಿದೆ, ನಿಮ್ಮಪ್ಪನ್ನ ಕೇಳ್ಕೊಂಡು ಬಾ ಅಂದ್ರು."

ಹೌದು, ನಾನೇ ಹೇಳಿದ್ದು. ಇವಳಿಗೊಬ್ಬಳಿಗೇ ಅಲ್ಲ. ಆಫೀಸಿನಲ್ಲಿ ಹೇಳಿದ್ದೇನೆ, ಮದುವೆ ಮನೆಗಳಲ್ಲಿ ಹೇಳಿದ್ದೇನೆ, ದೆಹಲಿಯಿಂದ ಬಂದ ಗೆಳೆಯನೊಬ್ಬನನ್ನು ದೇವಸ್ಥಾನದ ಎದುರೇ ನಿಲ್ಲಿಸಿ ಅರ್ಧ ಗಂಟೆ ಭಾಷಣ ಮಾಡಿದ್ದೇನೆ. ಮೊದಲ ಸಲ ಅಲ್ಲಿಗೆ ಹೋದಾಗ ಗೈಡ್ ಒಬ್ಬರು ಹೊರಗೋಡೆಯ ದೇವಿಯೊಬ್ಬಳ ಕೈಗೆ ಟಾರ್ಚ್ ಬಿಟ್ಟು "ಏನು ಕಾಣ್ತಿದೆ ಸಾರ್?" ಅಂದಿದ್ದರು. ನೋಡಿದರೆ ಅಚ್ಚುಕಟ್ಟಾದ ಜೋಳದ ತೆನೆ! ಬುಡ ದಪ್ಪ, ತುದಿ ಚೂಪು, ಮೈತುಂಬ ಸಾಲಾಗಿ ಕಾಳು. ಅಂಥದ್ದನ್ನು ಕಣ್ಣಾರೆ ನೋಡಿದ ಮೇಲೆ ಪುಸ್ತಕ ಯಾರಿಗೆ ಬೇಕು ಹೇಳಿ.

ನಿಜ ಹೇಳಬೇಕೆಂದರೆ, ಇದರ ಬಗ್ಗೆ ಪುಸ್ತಕ-ಪತ್ರಿಕೆ ಇದೆ ಅನ್ನೋದು ನನಗೆ ಮೊದಲೇ ಗೊತ್ತಿತ್ತು. ಅರ್ಧ ಗೊತ್ತಿತ್ತು, ಅದೇ ಎಡವಟ್ಟಾಗಿದ್ದು. ಅಮೆರಿಕದ ಪ್ರೊಫೆಸರ್ ಒಬ್ಬರೇ ಒಪ್ಪಿಕೊಂಡಿದ್ದಾರೆ ಅನ್ನೋದು ನನ್ನ ಭಾಷಣದ ಕೊನೆಯ ಬಾಣ. ಮಗಳ ಒಂದು ಮಾರ್ಕ್ಸ್ ಹೋದ ಮೇಲೆ ಮಿಕ್ಕರ್ಧವನ್ನೂ ಓದಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಭಾಷಣ ಕೇಳಿದವರಲ್ಲಿ ಯಾರಾದರೂ ಓದುತ್ತಿದ್ದರೆ ದಯವಿಟ್ಟು ಇದನ್ನೂ ಓದಿಬಿಡಿ :-)

ಸೋಮನಾಥಪುರದ ಕೇಶವ ದೇವಾಲಯ 1268ರದ್ದು. ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ್ದು. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಯುನೆಸ್ಕೊ ಪಟ್ಟಿಗೂ ಸೇರಿತು. ನಾನು ಹೇಳುತ್ತಿದ್ದ ಪ್ರೊಫೆಸರ್ ಕಾರ್ಲ್ ಜೊಹಾನೆಸೆನ್, ಆರೆಗಾನ್ ವಿಶ್ವವಿದ್ಯಾಲಯದ ಭೂಗೋಳ ತಜ್ಞರು. ಅವರು ಮತ್ತು ಆನ್ ಪಾರ್ಕರ್ ಸೇರಿ 1989ರಲ್ಲಿ 'ಎಕನಾಮಿಕ್ ಬಾಟನಿ' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಹೊಯ್ಸಳರ ಶಿಲ್ಪಗಳ ಕೈಯಲ್ಲಿರುವುದು ಮೆಕ್ಕೆಜೋಳವೇ, ಅಂದರೆ ಕೊಲಂಬಸನಿಗಿಂತ ಮೊದಲೇ ಅಮೆರಿಕಕ್ಕೂ ಏಷ್ಯಾಕ್ಕೂ ಹೋಗಿ ಬರುವ ದಾರಿ ಇತ್ತು ಅನ್ನೋದು ಅವರ ವಾದ. ಸುಮ್ಮನೆ ಹೇಳಿದ್ದಲ್ಲ. ಉದ್ದ-ದಪ್ಪಗಳ ಅಳತೆ ತೆಗೆದು, ಕಾಳಿನ ಸಾಲು ನೋಡಿ, ಒಂದರಂತೆ ಇನ್ನೊಂದಿಲ್ಲದಿರುವುದನ್ನೂ ತೋರಿಸಿದರು. ಶಿಲ್ಪಿಗಳು ನಿಜವಾದ ತೆನೆಗಳನ್ನು ಎದುರಿಗಿಟ್ಟುಕೊಂಡೇ ಕೆತ್ತಿರಬೇಕು ಅಂದರು. ಓದಿದರೆ ಯಾರಿಗಾದರೂ ಹೌದಲ್ಲ ಅನ್ನಿಸುತ್ತದೆ.

ನಾನು ಓದದೆ ಬಿಟ್ಟಿದ್ದ ಉತ್ತರ ಅದೇ ಪತ್ರಿಕೆಯಲ್ಲಿ 1993ರಲ್ಲಿ ಬಂದಿದೆ. ಬರೆದವರು ಎಂ. ಎಂ. ಪಾಯಕ್ ಮತ್ತು ಜೆ. ಕೆ. ಎಸ್. ಸಚನ್. ಇಬ್ಬರೂ ಜೋಳದ ಮೇಲೇ ಕೆಲಸ ಮಾಡಿದ ವಿಜ್ಞಾನಿಗಳು, ತೆನೆ ಅಂದರೆ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೋಮನಾಥಪುರದಲ್ಲಿರುವುದು ಜೋಳವಲ್ಲ, ಅದು 'ಮುಕ್ತಾಫಲ', ಅಂದರೆ ಮುತ್ತುಗಳಿಂದ ಮಾಡಿದಂತೆ ಕಲ್ಪಿಸಿಕೊಂಡ ಹಣ್ಣು ಅನ್ನೋದು ಅವರ ತೀರ್ಮಾನ. ಜೊಹಾನೆಸೆನ್ ಒಪ್ಪಲಿಲ್ಲ. ಜಾನ್ ಸೊರೆನ್ಸನ್ ಜೊತೆ 2009ರಲ್ಲಿ ದೊಡ್ಡ ಪುಸ್ತಕವನ್ನೇ ತಂದರು. ಆದರೆ ಸಸ್ಯಶಾಸ್ತ್ರದವರಲ್ಲಾಗಲಿ ಪುರಾತತ್ವದವರಲ್ಲಾಗಲಿ ಬಹುಪಾಲು ಜನ ಅವರ ಹಿಂದೆ ಹೋಗಲಿಲ್ಲ.

ಇದನ್ನೆಲ್ಲ ಓದಿ ಭಾನುವಾರ ಬೆಳಿಗ್ಗೆ ಸ್ಕೂಟರ್ ತೆಗೆದುಕೊಂಡು ಮತ್ತೆ ಸೋಮನಾಥಪುರಕ್ಕೆ ಹೋದೆ. ಈ ಸಲ ಕೈ ನೋಡಲಿಲ್ಲ, ಬೇಕೆಂದೇ ಉಳಿದದ್ದನ್ನು ನೋಡಿದೆ. ಕಿರೀಟದಲ್ಲಿ ಸಾಲು ಮುತ್ತು. ಕಂಠೀಹಾರದಲ್ಲಿ ಸಾಲು ಮುತ್ತು. ಸೊಂಟದ ಪಟ್ಟಿಯಿಂದ ಇಳಿಬಿದ್ದ ಗೊಂಡೆಯಲ್ಲೂ ಮುತ್ತು. ಬಳಪದ ಕಲ್ಲು ಮೆತ್ತಗಿರುತ್ತದಲ್ಲ, ಹೊಯ್ಸಳ ಶಿಲ್ಪಿಗೆ ಒಂದು ಬೆರಳಗಲ ಜಾಗ ಖಾಲಿ ಸಿಕ್ಕಿದರೂ ಅಲ್ಲೊಂದು ಮುತ್ತು ಕೂರಿಸುವ ಚಪಲ. ಹಾಗಿರುವಾಗ ಕೈಯಲ್ಲಿರುವ ಹಣ್ಣಿನ ಮೇಲೊಂದನ್ನೇ 'ಇದು ಕಾಳು' ಅಂತ ಹೇಗೆ ಓದುವುದು? ಇನ್ನೊಂದು ವಿಷಯ. ನಮ್ಮ ಮೂರ್ತಿಗಳ ಕೈಯಲ್ಲಿ ಹಣ್ಣಿರುವುದು ಹೊಸದೇನಲ್ಲ, ಅದಕ್ಕೆ ಮಾತುಲಿಂಗ, ಬೀಜಪೂರ ಅಂತ ಹೆಸರೂ ಇದೆ. ಕನ್ನಡದಲ್ಲಿ ಮಾದಲದ ಹಣ್ಣು. ಕೊಲ್ಹಾಪುರದ ಮಹಾಲಕ್ಷ್ಮಿಯ ಕೈಯಲ್ಲಿರುವುದು ಅದೇ. ಬುಡ ದಪ್ಪ, ತುದಿ ಚೂಪು, ಮೈಯೆಲ್ಲ ಉಬ್ಬು-ತಗ್ಗು. ಆ ಹಣ್ಣಿಗೇ ಮುತ್ತಿನ ಅಲಂಕಾರ ಮಾಡಿದರೆ ಹೀಗೇ ಕಾಣಬಹುದೇನೋ ಅಂತ ನನ್ನ ಊಹೆ. ಊಹೆ ಅಷ್ಟೇ, ಇದನ್ನು ಟೆಸ್ಟಿನಲ್ಲಿ ಬರೆಯಬೇಡ ಅಂತ ಮಗಳಿಗೂ ಹೇಳಿದ್ದೇನೆ. ಮಾದಲದ ಹಣ್ಣು ನಮ್ಮ ನಿಂಬೆಹಣ್ಣಿನ ಹಿರೀಕ ಅನ್ನೋದು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆದರೆ ನನ್ನ ಮನಸ್ಸು ತಿರುಗಿದ್ದು ಕಲ್ಲಿನಿಂದಲ್ಲ, ಜೋಳದಿಂದಲೇ. ಕೈಯಲ್ಲಿ ಸಿಪ್ಪೆ ಸುಲಿಯುತ್ತಾ ಯೋಚನೆ ಮಾಡಿ ನೋಡಿ. ಈ ತೆನೆ ತಾನಾಗಿ ಹೊಲದಲ್ಲಿ ಬಿದ್ದರೆ ಏನಾಗುತ್ತದೆ? ಕಾಳು ಉದುರುವುದಿಲ್ಲ, ಸಿಪ್ಪೆ ಬಿಚ್ಚುವುದಿಲ್ಲ. ನೂರಾರು ಕಾಳು ಒಂದೇ ಕಡೆ ಮೊಳೆತು ಒಂದನ್ನೊಂದು ಕೊಂದುಕೊಳ್ಳುತ್ತವೆ. ಮನುಷ್ಯ ಸುಲಿದು ಬಿಡಿಸಿ ಬಿತ್ತದೆ ಮುಸುಕಿನ ಜೋಳಕ್ಕೆ ವಂಶವೇ ಇಲ್ಲ. ಸುಮಾರು 9,000 ವರ್ಷದ ಹಿಂದೆ ಮೆಕ್ಸಿಕೋದ ನೈಋತ್ಯ ಭಾಗದಲ್ಲಿ, ಬಾಲ್ಸಾಸ್ ನದಿಯ ಕಣಿವೆಯಲ್ಲಿ, ತಿಯೊಸಿಂತೆ ಎಂಬ ಕಾಡು ಹುಲ್ಲಿನಿಂದ ಅಲ್ಲಿನ ಜನ ಇದನ್ನು ಆರಿಸಿ ಆರಿಸಿ ಬೆಳೆಸಿದರು. ಆ ಹುಲ್ಲಿನ ತೆನೆಯಲ್ಲಿ ಐದರಿಂದ ಹನ್ನೆರಡು ಕಾಳು, ಒಂದೊಂದಕ್ಕೂ ಕಲ್ಲಿನಂಥ ಚಿಪ್ಪು. ಇದು ಜೋಳದ ಮೂಲ ಅಂದರೆ ಯಾರೂ ನಂಬದ ಹಾಗಿದೆ. ಜಾರ್ಜ್ ಬೀಡಲ್ ಅನ್ನುವ ತಳಿವಿಜ್ಞಾನಿ 1930ರ ದಶಕದಲ್ಲೇ ಹೌದು ಅಂದಿದ್ದರು (1958ರ ನೊಬೆಲ್ ಬೇರೆ ಕೆಲಸಕ್ಕೆ ಬಂತು). ಒಪ್ಪದವರ ಜೊತೆ ದಶಕಗಟ್ಟಲೆ ಜಗಳ ನಡೆಯಿತು. ಆಮೇಲೆ ಡಿಎನ್ಎ ಬಂದು ಬೀಡಲ್ ಕಡೆ ನಿಂತಿತು.

ಇಂಥ ಬೆಳೆ 1268ಕ್ಕೇ ನಮ್ಮಲ್ಲಿದ್ದರೆ ಬರೀ ದೇವರ ಕೈಯಲ್ಲಿ ಇರುತ್ತಿರಲಿಲ್ಲ. ಹೊಲದಲ್ಲಿ ಇರುತ್ತಿತ್ತು, ಒಲೆಯಲ್ಲಿ ಇರುತ್ತಿತ್ತು, ಬೂದಿಯಲ್ಲಿ ಕರಕಲು ಕಾಳಾಗಿ ಸಿಗುತ್ತಿತ್ತು. ದಕ್ಷಿಣ ಭಾರತದ ಹಳೇ ನೆಲೆಗಳಲ್ಲಿ ಕಿರುಧಾನ್ಯ, ಹುರುಳಿ, ಹೆಸರು ಎಲ್ಲ ಕರಕಲಾಗಿ ಸಿಕ್ಕಿವೆ. ಪೋರ್ಚುಗೀಸರಿಗಿಂತ ಹಿಂದಿನದು ಅಂತ ಎಲ್ಲರೂ ಒಪ್ಪುವಂಥ ಮೆಕ್ಕೆಜೋಳದ ಒಂದು ಕಾಳೂ ಸಿಕ್ಕಿಲ್ಲ. ಅಡುಗೆ ಪುಸ್ತಕಗಳನ್ನಾದರೂ ನೋಡೋಣ ಅಂದರೆ, ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಇಡ್ಲಿಯ ಅಜ್ಜಿಯಿಂದ ಹಿಡಿದು ಹುರಿದ ಇಲಿಯವರೆಗೆ ಎಲ್ಲ ಇದೆ, ಇದಿಲ್ಲ. ಮೂರನೇ ಮಂಗರಸನ 'ಸೂಪಶಾಸ್ತ್ರ' ಸುಮಾರು 1508ರದ್ದು, ನಮ್ಮ ಕನ್ನಡದ್ದೇ. ಅದರಲ್ಲಿ ಬದನೆಕಾಯಿಯ ಮೇಲಿನ ಪ್ರೀತಿ ನೋಡಬೇಕು ನೀವು! ಆದರೆ ಮುಸುಕಿನ ಜೋಳವೂ ಇಲ್ಲ, ಮೆಣಸಿನಕಾಯಿಯೂ ಇಲ್ಲ. ಅದಾದ ಎರಡೇ ವರ್ಷಕ್ಕೆ, 1510ರಲ್ಲಿ, ಪೋರ್ಚುಗೀಸರು ಗೋವೆ ಹಿಡಿದರು.

ಇನ್ನು ಹೆಸರು. ನನ್ನ ಹೆಂಡತಿ ಹಾವೇರಿ ಜಿಲ್ಲೆಯವಳು, ನಾನು ಮಂಡ್ಯದ ಕಡೆಯವನು. ನಮ್ಮನೆಯಲ್ಲಿ ಒಂದೇ ತೆನೆಗೆ ಎರಡು ಹೆಸರು. ನಾನು ಮುಸುಕಿನ ಜೋಳ ಅಂದರೆ ಅವಳು ಗೋವಿನಜೋಳ ಅನ್ನುತ್ತಾಳೆ, ತವರಿನವರ ಜೊತೆ ಫೋನಿನಲ್ಲಿ ಮಾತಾಡುವಾಗ ಅದು ಗೊಂಜಾಳ ಆಗುತ್ತದೆ. ಪೇಪರಿನವರು, ಸ್ಕೂಲಿನವರು ಮೆಕ್ಕೆಜೋಳ ಅನ್ನುತ್ತಾರೆ. ಗೋವಿನಜೋಳ ಅಂದರೆ ಗೋವೆಯಿಂದ ಬಂದದ್ದು ಅಂತ ಕೆಲವರು, ಹಸುವಿಗೆ ಹಾಕುವುದು ಅಂತ ಕೆಲವರು. ಮೆಕ್ಕೆ ಅಂದರೆ ಮೆಕ್ಕಾ ಕಡೆಯದು ಅನ್ನೋದು ವಾಡಿಕೆಯ ವಿವರಣೆ. ಮುಸುಕು ಅಂತೂ ಎದುರಿಗೇ ಇದೆ, ಮುಸುಕು ಹಾಕಿಕೊಂಡ ಜೋಳ. ಯಾವುದನ್ನೇ ತೆಗೆದುಕೊಳ್ಳಿ, ಎಲ್ಲದರಲ್ಲೂ ಜೋಳ ಇದ್ದೇ ಇದೆ, ಅದರ ಹಿಂದೊಂದು ಗುರುತುಚೀಟಿ. ತೆಲುಗಿನ ಮೊಕ್ಕಜೊನ್ನ, ತಮಿಳಿನ ಮಕ್ಕಾಚ್ಚೋಳಂ ಕೂಡ ಹೀಗೇ. ಹೊಸಬರಿಗೆ ನಾವು ಹೆಸರಿಡುವ ರೀತಿಯೇ ಇದು. ಮೆಣಸು ನಮ್ಮದು, ಆಮೇಲೆ ಬಂದದ್ದು ಮೆಣಸಿನಕಾಯಿ. ಬದನೆ ನಮ್ಮದು, ಆಮೇಲೆ ಬಂದದ್ದು ಸೀಮೆಬದನೆ. ಪರಂಗಿಹಣ್ಣಂತೂ ತನ್ನ ಊರನ್ನು ಹೆಸರಿನಲ್ಲೇ ಹೇಳಿಕೊಂಡು ಓಡಾಡುತ್ತಿದೆ. ಹೊಯ್ಸಳರ ಕಾಲದಿಂದಲೂ ದೇವರ ಕೈಯಲ್ಲಿದ್ದ ಬೆಳೆಗೆ ನಾವು ಸ್ವಂತದ್ದೊಂದು ಹೆಸರಿಡದೆ ಇರುತ್ತಿದ್ದೆವಾ?

ಬರೀ ಜೋಳ ಅಂದರೆ ಬಿಳಿಜೋಳವೇ. ಹಳಗನ್ನಡದಲ್ಲಿ 'ಜೋಳವಾಳಿ' ಅಂತ ಒಂದು ಮಾತಿದೆ, ಒಡೆಯನ ಜೋಳ ತಿಂದ ಋಣಕ್ಕೆ ಪ್ರಾಣ ಕೊಡುವುದು. ಈಗ ನಾವು ಉಪ್ಪಿನ ಋಣ ಅನ್ನುತ್ತೇವಲ್ಲ, ಹಾಗೆ. (ಆ ಬಿಳಿಜೋಳವೂ ಸಾವಿರಾರು ವರ್ಷದ ಹಿಂದೆ ಆಫ್ರಿಕಾದಿಂದ ಬಂದದ್ದು. ಆದರೆ ಅದು ಬಂದು ಎಷ್ಟು ಕಾಲವಾಯಿತೆಂದರೆ, ಈಗ ಕೇಳುವುದು ಮರ್ಯಾದೆಯಲ್ಲ.)

ಅಂದ ಹಾಗೆ ಈ ಹೆಸರಿನ ಗೊಂದಲ ನಮ್ಮೊಬ್ಬರದೇ ಅಲ್ಲ. 1492ರ ನವೆಂಬರಿನಲ್ಲಿ ಕ್ಯೂಬಾದ ಒಳನಾಡಿಗೆ ಹೋಗಿ ಬಂದ ಕೊಲಂಬಸನ ಆಳುಗಳು ಈ ಕಾಳಿನ ಸುದ್ದಿ ತಂದರು. ಅಲ್ಲಿನ ತೈನೋ ಜನರ 'ಮಾಹಿಸ್' ಇಂಗ್ಲಿಷಿನ ಮೇಯ್ಜ್ ಆಯಿತು. ಐವತ್ತೇ ವರ್ಷಕ್ಕೆ, 1542ರಲ್ಲಿ, ಜರ್ಮನಿಯ ಲಿಯೋನಾರ್ಡ್ ಫುಕ್ಸ್ ತನ್ನ ಸಸ್ಯಗ್ರಂಥದಲ್ಲಿ ಇದರ ಚಂದದ ಚಿತ್ರ ಹಾಕಿ ತುರ್ಕಿಯ ಧಾನ್ಯ ಅಂತ ಬರೆದ. ಇಟಲಿಯವರಿಗೆ ಇವತ್ತಿಗೂ ಇದು ಗ್ರಾನ್‌ತುರ್ಕೊ. ತುರ್ಕಿಯವರನ್ನು ಕೇಳಿದರೆ 'ಮಿಸಿರ್' ಅನ್ನುತ್ತಾರೆ, ಅಂದರೆ ಈಜಿಪ್ಟ್. ಎಲ್ಲರೂ ಪಕ್ಕದ ಮನೆ ಕಡೆ ಕೈ ತೋರಿಸುವವರೇ.

ಸರಿ, ಬಂದದ್ದು ಹೌದು. ಬಂದದ್ದು ಇಷ್ಟು ಸಲೀಸಾಗಿ ನಮ್ಮದಾಗಿದ್ದು ಹೇಗೆ? ನನಗೆ ಇದು ಸೋಮನಾಥಪುರಕ್ಕಿಂತ ದೊಡ್ಡ ಪ್ರಶ್ನೆ ಅನ್ನಿಸಿತು. ಅದಕ್ಕೆ ಉತ್ತರ ಸಿಕ್ಕಿದ್ದು ಅಡುಗೆಮನೆಯಲ್ಲೇ.

ಬೀಜ ಹಡಗು ಹತ್ತುತ್ತದೆ. ಅಡುಗೆ ಹತ್ತುವುದಿಲ್ಲ. ಮೆಕ್ಸಿಕೋದಲ್ಲಿ ಒಣಜೋಳವನ್ನು ಸುಣ್ಣದ ನೀರಿನಲ್ಲಿ ಕುದಿಸಿ, ನೆನೆಸಿ, ತೊಳೆದು ರುಬ್ಬುತ್ತಾರೆ. ನೀಶ್ತಮಾಲ್ ಅಂತ ಅದರ ಹೆಸರು, ಸಾವಿರಾರು ವರ್ಷದ ಪದ್ಧತಿ. ಯೂರೋಪಿನವರು ಬೀಜ ತಂದುಕೊಂಡರು, ಸುಣ್ಣದ ವಿಷಯ ಬಿಟ್ಟರು. ಬಡವರು ಮೂರು ಹೊತ್ತೂ ಇದರ ಗಂಜಿಯನ್ನೇ ಉಂಡ ಕಡೆಗಳಲ್ಲಿ ಹೊಸ ಕಾಯಿಲೆ ಶುರುವಾಯಿತು. ಚರ್ಮ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮೆ. 1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ ಅದನ್ನು ಗುರುತಿಸಿದ. ಇಟಲಿಯಲ್ಲಿ ಪೆಲ್ಲಾಗ್ರಾ ಎಂಬ ಹೆಸರು ಬಂತು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಸಾವಿರಾರು ಜನ ಸತ್ತರು. 1914ರಿಂದ ಅದರ ಬೆನ್ನುಹತ್ತಿದ ಜೋಸೆಫ್ ಗೋಲ್ಡ್‌ಬರ್ಗರ್ ಇದು ಅಂಟುಜಾಡ್ಯವಲ್ಲ, ಊಟದ ಕೊರತೆ ಅಂತ ತೋರಿಸಿದರು. ಆ ಕೊರತೆಯ ಹೆಸರು ನಿಯಾಸಿನ್ ಅಂತ ಗೊತ್ತಾಗಿದ್ದು 1937ರಲ್ಲಿ. ಜೋಳದೊಳಗೆ ಬಿಗಿಯಾಗಿ ಕೂತ ನಿಯಾಸಿನ್ ಅನ್ನು ಬಿಡಿಸುತ್ತಿದ್ದದ್ದು ಆ ಸುಣ್ಣವೇ. ನಮ್ಮ ಕಡೆಯದೂ ಒಂದು ಮಾತು ಹೇಳಿಬಿಡುತ್ತೇನೆ. ದಖನ್ನಿನಲ್ಲಿ ಬರೀ ಬಿಳಿಜೋಳ ಉಣ್ಣುವ ಬಡವರಲ್ಲೂ ಇದೇ ಕಾಯಿಲೆ ಇತ್ತು. ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ಅದರ ಬಗ್ಗೆ ಬರೆದು, ಜೋಳದಲ್ಲಿ ಹೆಚ್ಚಿರುವ ಲ್ಯೂಸಿನ್ ಕಡೆ ಬೆರಳು ತೋರಿಸಿದರು.

ನಮ್ಮಲ್ಲೂ ಬೀಜ ಒಂದೇ ಬಂತು. ಆದರೆ ಹಸಿ ತೆನೆಯನ್ನು ಏನು ಮಾಡಬೇಕು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನನ್ನ ಹೆಂಡತಿಯ ಊರಿನ ಕಡೆ ಸೀತನಿ ಅಂತ ಮಾಡುತ್ತಾರೆ, ಉತ್ತರ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. ಚಳಿಗಾಲದಲ್ಲಿ ಬಿಳಿಜೋಳದ ತೆನೆ ಹಾಲುಗಾಳಿಗೆ ಬಂದಾಗ, ಹೊಲದಲ್ಲೇ ಕುಳ್ಳಿನ ಬೆಂಕಿ ಮಾಡಿ, ತೆನೆ ಸುಟ್ಟು, ಬಿಸಿ ಇರುವಾಗಲೇ ತಿಕ್ಕಿ ಕಾಳು ಉದುರಿಸಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಬೆಲ್ಲ ಹಚ್ಚಿಕೊಂಡು ತಿನ್ನುವುದು. ಮದುವೆಯಾದ ಹೊಸದರಲ್ಲಿ ಒಮ್ಮೆ ತಿಂದಿದ್ದೆ. ಕೈಯೆಲ್ಲ ಮಸಿ, ಬಾಯೆಲ್ಲ ಹಾಲು. ಹಾಲುಗಾಳಿನ ತೆನೆ, ಕೆಂಡ, ಉಪ್ಪು-ಖಾರ... ಸುಟ್ಟ ಮುಸುಕಿನ ಜೋಳಕ್ಕೆ ಬೇಕಾದ್ದೆಲ್ಲ ಅಲ್ಲೇ ಇತ್ತಲ್ಲ! ಹೊಸ ಕಾಳು ಬಂದು ಹಳೇ ಕೆಂಡದ ಪಕ್ಕ ಕೂತುಕೊಂಡಿತು ಅಷ್ಟೇ. ಗಟ್ಟಿ ದಿಂಡು ಬೇರೆ ಇದೆ, ಕೈಯಲ್ಲಿ ಹಿಡಿದು ಕಚ್ಚಬಹುದು. ತಿಕ್ಕಿ ಉದುರಿಸುವ ಕೆಲಸವೂ ಉಳಿಯಿತು.

ಖಾರದ ಕಥೆಯೂ ಇದೇ. ಬ್ಯಾಡಗಿ ಇರುವುದು ಹಾವೇರಿ ಜಿಲ್ಲೆಯಲ್ಲಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಗುರುತು ಬಂತು. ಅದೇ ಜಿಲ್ಲೆಯ ಹೊಲಗಳ ತುಂಬ ಗೋವಿನಜೋಳ. ಒಂದೇ ಜಿಲ್ಲೆ ಹೆಸರು ಮಾಡಿರುವ ಎರಡು ಬೆಳೆ, ಎರಡರ ತವರೂ ಮೆಕ್ಸಿಕೋ. ಇದನ್ನು ಮಾವನವರಿಗೆ ಹೇಳಿದರೆ ನಕ್ಕುಬಿಟ್ಟರು. ಮಾವನದು ಆರು ಎಕರೆ ಗೋವಿನಜೋಳ. "ಅಳಿಯಾರ, ಇದು ನೀವು ತಿನ್ನೋದಲ್ರೀ, ಕೋಳಿ ತಿನ್ನೋದು" ಅಂದರು. ಅದೂ ನಿಜವೇ. 1957ರಲ್ಲಿ ಅಖಿಲ ಭಾರತ ಸಂಯೋಜಿತ ಜೋಳ ಯೋಜನೆ ಶುರುವಾಗಿ, 1961ರಲ್ಲಿ ಗಂಗಾ, ರಂಜಿತ್, ಡೆಕ್ಕನ್ ಅಂತ ಹೈಬ್ರಿಡ್‌ಗಳು ಬಂದವು. ಆಮೇಲಿನ ದಶಕಗಳಲ್ಲಿ ದಾವಣಗೆರೆ, ಹಾವೇರಿ, ಚಿತ್ರದುರ್ಗದ ಕಡೆ ಇದು ಹಬ್ಬಿದ ಪರಿ ನೋಡಿದರೆ ಪೋರ್ಚುಗೀಸರೂ ಬೆರಗಾಗಬೇಕು. ಬೆಳೆದದ್ದರಲ್ಲಿ ಹೆಚ್ಚಿನದು ಲಾರಿ ಹತ್ತಿ ಕೋಳಿ ಆಹಾರಕ್ಕೆ, ಸ್ಟಾರ್ಚಿಗೆ, ಇತ್ತೀಚೆಗೆ ಎಥೆನಾಲ್‌ಗೂ ಹೋಗುತ್ತದೆ. ಮಾವನ ಹೊಲದಲ್ಲಿ ಈಗ ಬಿಳಿಜೋಳ ಇಲ್ಲ. "ಸೀತನಿ ತಿನ್ನಬೇಕಂದ್ರ ನಾವೂ ಬ್ಯಾರೆಯವರ ಹೊಲಕ್ಕ ಹೋಗಬೇಕು ನೋಡ್ರಿ" ಅಂದಾಗ ಮಾತ್ರ ಅವರು ನಗಲಿಲ್ಲ. 2018ರಲ್ಲಿ ಇನ್ನೊಬ್ಬ ಅತಿಥಿ ಬಂದ, ಫಾಲ್ ಆರ್ಮಿವರ್ಮ್ ಅನ್ನುವ ಸೈನಿಕ ಹುಳು. ಅದೂ ಅಮೆರಿಕ ಖಂಡದ್ದೇ, ಭಾರತದಲ್ಲಿ ಮೊದಲು ಕಂಡದ್ದು ನಮ್ಮ ಶಿವಮೊಗ್ಗದ ಕಡೆ. ಬೀಜ ಬಂದು ನಾನೂರು ಚಿಲ್ಲರೆ ವರ್ಷವಾದ ಮೇಲೆ ಅದರ ಹುಳು ವಿಳಾಸ ಹುಡುಕಿಕೊಂಡು ಬಂದಿದೆ. ಆ ವರ್ಷ ಮಾವ ಎಷ್ಟು ಸಲ ಔಷಧಿ ಹೊಡೆದರೋ ಲೆಕ್ಕವಿಲ್ಲ.

ಈಗ ನಿಂಬೆಹಣ್ಣಿಗೆ ಬರೋಣ. ಕ್ಯಾಲಿಫೋರ್ನಿಯಾದಲ್ಲಿರುವ ಚಿಕ್ಕಪ್ಪನ ಮಗ ಒಮ್ಮೆ ಫೋನ್ ಮಾಡಿದ್ದ. "ಅಣ್ಣ, ಇಲ್ಲಿ ಮೆಕ್ಸಿಕನ್ನರ ಗಾಡಿಯಲ್ಲಿ ಥೇಟ್ ಚಾಮುಂಡಿಬೆಟ್ಟದ ಜೋಳ!" ಅಲ್ಲಿ ಅದಕ್ಕೆ ಎಲೋತೆ ಅನ್ನುತ್ತಾರೆ. ತೆನೆಗೆ ಮಯೊನೀಸ್ ಸವರಿ, ಚೀಸ್ ಪುಡಿ ಉದುರಿಸಿ, ಮೇಲೆ ಮೆಣಸಿನಪುಡಿ ಮತ್ತು ನಿಂಬೆರಸ. ಚೀಸ್ ಬಿಟ್ಟರೆ ನಮ್ಮದೇ ಅನ್ನಿ. ಅವರಿಂದಲೇ ಕಲಿತೆವಾ ಅಂತ ನಾನು ಮೊದಲು ಅಂದುಕೊಂಡೆ. ಆದರೆ ಅವರ ಪೂರ್ವಿಕರ ಹತ್ತಿರ ನಿಂಬೆಯೇ ಇರಲಿಲ್ಲ! ನಿಂಬೆ, ಮಾದಲ, ಕಿತ್ತಳೆ ಎಲ್ಲ ಏಷ್ಯಾದ ಈ ಕಡೆಯವು. ಹಿಮಾಲಯದ ತಪ್ಪಲು, ನಮ್ಮ ಈಶಾನ್ಯ, ಆಗ್ನೇಯ ಏಷ್ಯಾ ಇವುಗಳ ತವರು. ಹುಳಿ ತುಂಬಿದ ಆ ಪುಟ್ಟ ನಿಂಬೆಯ ತಂದೆ-ತಾಯಿಯರಲ್ಲಿ ಒಂದು ಮಾದಲ. ಅರಬರ ಜೊತೆ ಪಶ್ಚಿಮಕ್ಕೆ ಹೋಗಿ, ಸ್ಪೇನ್ ಸೇರಿ, ಅಲ್ಲಿಂದ ಈ ಜಾತಿಯ ಹಣ್ಣುಗಳು ಹಡಗು ಹತ್ತಿದವು. ಕೊಲಂಬಸನ 1493ರ ಎರಡನೇ ಯಾನದಲ್ಲೇ ಕಿತ್ತಳೆ, ನಿಂಬೆ ಜಾತಿಯ ಬೀಜಗಳು ಹೋಗಿವೆ. ಅವರ ಜೋಳಕ್ಕೆ ನಮ್ಮ ನಿಂಬೆ ಬೀಳುವ ಹೊತ್ತಿಗೆ, ನಮ್ಮ ಕೆಂಡದ ಮೇಲೆ ಅವರ ಜೋಳ, ಅವರ ಮೆಣಸಿನಕಾಯಿ. ಒಬ್ಬರನ್ನೊಬ್ಬರು ನೋಡದೆ ಎರಡೂ ಕಡೆಯವರು ಒಂದೇ ಅಡುಗೆ ಮಾಡಿಕೊಂಡಿದ್ದಾರೆ.

ಇನ್ನು ಮಾಡುವುದು ಹೇಗೆ ಅಂತ ಹೇಳದೆ ಬಿಟ್ಟರೆ ಬೈಸಿಕೊಳ್ಳುತ್ತೇನೆ. ತೆನೆ ಕೊಳ್ಳುವಾಗ ಸಿಪ್ಪೆ ಹಸಿರಾಗಿರಬೇಕು, ಜುಟ್ಟು ಕಂದುಬಣ್ಣಕ್ಕೆ ತಿರುಗಿ ಕೈಗೆ ಸ್ವಲ್ಪ ಅಂಟಬೇಕು. ಒಂದು ಕಾಳಿಗೆ ಉಗುರು ಒತ್ತಿ. ನೀರು ಬಂದರೆ ಇನ್ನೂ ಎಳಸು, ಹಾಲು ಬಂದರೆ ತೆಗೆದುಕೊಳ್ಳಿ, ಏನೂ ಬರದಿದ್ದರೆ ಮಾವನ ಕೋಳಿಗೆ. ತಂದ ದಿನವೇ ಮಾಡಿ. ಕಿತ್ತ ಗಳಿಗೆಯಿಂದ ಕಾಳಿನ ಸಕ್ಕರೆ ಪಿಷ್ಟವಾಗುತ್ತಾ ಹೋಗುತ್ತದೆ, ನಾಳೆ ಅಂದರೆ ಸಪ್ಪೆ. ಈಗಿನ ಸ್ವೀಟ್ ಕಾರ್ನ್ ಎರಡು ದಿನ ತಡೆಯುತ್ತದೆ. ಅದರಲ್ಲಿ ಸಕ್ಕರೆಯನ್ನು ಹಿಡಿದಿಡುವ ಬೇರೆ ಜೀನ್ ಇದೆ, ಇಲಿನಾಯ್ ವಿಶ್ವವಿದ್ಯಾಲಯದ ಜಾನ್ ಲಾಫ್ನನ್ 1950ರ ದಶಕದಲ್ಲಿ ಅದನ್ನು ಗಮನಿಸಿದ್ದು. ನನಗೆ ಅದು ಜೋಳಕ್ಕಿಂತ ಪೆಪ್ಪರ್‌ಮೆಂಟ್ ತಿಂದ ಹಾಗೆ. ಹಲ್ಲಿಗೆ ಸ್ವಲ್ಪ ಕೆಲಸ ಕೊಡುವ ನಾಟಿ ತೆನೆಯೇ ಮೇಲು.

ಒಳಗಿನ ಎರಡು ಎಳೆ ಸಿಪ್ಪೆ ಬಿಟ್ಟು ಉಳಿದದ್ದು ತೆಗೆದು, ತೆನೆ ಮುಳುಗುವಷ್ಟು ನೀರು, ಒಂದು ಚಮಚ ಉಪ್ಪು. ನಾಟಿಗೆ ಮೂರು ಸೀಟಿ, ಸ್ವೀಟ್ ಕಾರ್ನಿಗೆ ಒಂದೇ. ಆಮೇಲೆ ಸಿಪ್ಪೆ ಬಿಡಿಸಿ ಗ್ಯಾಸ್ ಮೇಲೆ ಜಾಲರಿ ಇಟ್ಟು ಅಲ್ಲಲ್ಲಿ ಕಪ್ಪು ಚುಕ್ಕೆ ಬೀಳುವವರೆಗೆ ತಿರುಗಿಸಿ. ಕೆಂಡದ ವಾಸನೆ ಬರುವುದಿಲ್ಲ, ಫ್ಲಾಟಿನಲ್ಲಿ ಇಷ್ಟೇ ಸಾಧ್ಯ. ಪುಡಿಗೆ ನಾಲ್ಕು ಬ್ಯಾಡಗಿ ಮೆಣಸಿನಕಾಯಿ ಬೆಚ್ಚಗೆ ಮಾಡಿ, ಹುರಿದ ಜೀರಿಗೆ ಅರ್ಧ ಚಮಚ, ಉಪ್ಪು ಎರಡು ಚಮಚ ಸೇರಿಸಿ ತರಿತರಿ ಪುಡಿ ಮಾಡಿ. ನಿಂಬೆಹಣ್ಣನ್ನು ಅಡ್ಡ ಕತ್ತರಿಸಿ, ಹೋಳನ್ನೇ ಪುಡಿಯಲ್ಲಿ ಅದ್ದಿ, ತೆನೆ ಕೈಸುಡುವಾಗಲೇ ಒತ್ತಿ ಉಜ್ಜಿ. ಪುಡಿ ಉದುರಿಸಿ ಆಮೇಲೆ ನಿಂಬೆ ಹಿಂಡಿದರೆ ಖಾರವೆಲ್ಲ ತೊಳೆದು ತಟ್ಟೆಗೆ ಬೀಳುತ್ತದೆ.

ಜೋಳ ಬೇಯುವಷ್ಟರಲ್ಲಿ ಮಗಳ ಟೆಸ್ಟ್ ಪೇಪರಿನ ಹಿಂದೆ ಒಂದು ಸಾಲು ಬರೆದು ಸಹಿ ಹಾಕಿದೆ. 'ಉತ್ತರ ತಪ್ಪು, ತಪ್ಪು ಹೇಳಿಕೊಟ್ಟವನು ನಾನು.' ಅವಳು ಓದಿ, ಅರ್ಧ ಮಾರ್ಕ್ಸ್ ಆದರೂ ವಾಪಸ್ ಸಿಗಬಹುದಾ ಅಂತ ಕೇಳಿದಳು. ಸಿಗುವುದಿಲ್ಲ ಅಂದೆ. ನನ್ನ ಪುಡಿ ಹಚ್ಚಿದ ತೆನೆಯನ್ನು ಹೆಂಡತಿ ಒಂದು ಸಲ ಕಚ್ಚಿ, "ಚಲೋ ಅದ, ಆದ್ರ..." ಅಂತ ಎದ್ದು ಹೋಗಿ ತವರಿನಿಂದ ತಂದ ಗುರೆಳ್ಳು ಚಟ್ನಿಪುಡಿ ಡಬ್ಬಿ ತಂದಳು. ನಿಷೇಧ ಜಾರಿಗೆ ತಂದವಳೇ ಅದಕ್ಕೆ ಎರಡು ಹನಿ ಶೇಂಗಾ ಎಣ್ಣೆ ಕಲಸಿ ತೆನೆಗೆ ಸವರಿಕೊಂಡಳು. ಉಳಿದ ಮೂರು ತೆನೆಗೂ ಅದನ್ನೇ ಹಚ್ಚಿದೆವು.